ಆ ಇಪ್ಪತ್ತೊಂದನೇ ಚೀಟಿ ಯಾರದ್ದು?

2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9 ಗಂಟೆ 39 ನಿಮಿಷ. ಕ್ರೌಡ್‌ಸ್ಟ್ರೈಕ್ ಅನ್ನೋ ಅಮೆರಿಕದ ಸೈಬರ್ ಭದ್ರತಾ ಕಂಪನಿ ತನ್ನ ಗ್ರಾಹಕರ ಕಂಪ್ಯೂಟರ್‌ಗಳಿಗೆ ಒಂದು ಚಿಕ್ಕ ಫೈಲ್ ಕಳಿಸಿತು. 10 ಗಂಟೆ 57 ನಿಮಿಷಕ್ಕೆ ಅದನ್ನ ವಾಪಸ್ ತಗೊಂಡಿತು. ನಡುವೆ ಇದ್ದದ್ದು ಬರೀ 78 ನಿಮಿಷ. ಅಷ್ಟರಲ್ಲಿ ಜಗತ್ತಿನ 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಮಲಗಿಬಿಟ್ಟಿದ್ದವು. ಈ ಲೆಕ್ಕ ನನ್ನದಲ್ಲ, ಮೈಕ್ರೋಸಾಫ್ಟ್ ಕೊಟ್ಟ ಅಂದಾಜು.

ನಮ್ಮ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಕೌಂಟರ್‌ಗಳ ಮುಂದೆ ಸಾಲು ಬೆಳೆಯಿತು. ದೇಶದ ಹಲವು ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಬ್ರಿಟನ್ನಿನಲ್ಲಿ ಡಾಕ್ಟರುಗಳಿಗೆ ರೋಗಿಗಳ ದಾಖಲೆಯೇ ತೆರೆಯಲಿಲ್ಲ. ಅಲ್ಲಿನ ಸ್ಕೈ ನ್ಯೂಸ್ ಚಾನೆಲ್ ಬೆಳಗಿನ ನೇರ ಪ್ರಸಾರವನ್ನೇ ನಿಲ್ಲಿಸಬೇಕಾಯಿತು. ಸುದ್ದಿ ಕೊಡೋ ಚಾನೆಲ್ಲೇ ಸುದ್ದಿಯಾಗಿಹೋಯ್ತು ನೋಡಿ! ಅಮೆರಿಕದ ಡೆಲ್ಟಾ ಏರ್‌ಲೈನ್ಸ್ ಮುಂದಿನ ಕೆಲವು ದಿನಗಳಲ್ಲಿ ಸುಮಾರು 7,000 ವಿಮಾನಗಳನ್ನ ರದ್ದು ಮಾಡಿತು.

ಆ ದಿನ ಎಲ್ಲರ ಬಾಯಲ್ಲೂ ಎರಡೇ ಹೆಸರು. ಒಂದು, ಹ್ಯಾಕರ್. ಇನ್ನೊಂದು, ಮೈಕ್ರೋಸಾಫ್ಟ್. ದಾಳಿ ಆಗಿದೆಯಾ? ಯುದ್ಧದ ಮುನ್ಸೂಚನೆನಾ? ವಿಂಡೋಸ್ ಕೆಟ್ಟುಹೋಯ್ತಾ? ಪ್ರಶ್ನೆಗಳ ಸುರಿಮಳೆ. ನಿಜವಾದ ಕಾರಣ ಇವೆರಡೂ ಆಗಿರಲಿಲ್ಲ. ಆಗಿದ್ದು ಒಂದು ಮೆಮೊರಿ ತಪ್ಪು. ಹಾಗಂದ್ರೆ ಏನು, ಅದನ್ನ ಪತ್ತೆ ಹಚ್ಚಿದ್ದು ಹೇಗೆ, ಅಷ್ಟು ದೊಡ್ಡ ಕಂಪನಿಯ ಕಣ್ಣು ತಪ್ಪಿಸಿ ಅದು ಅಷ್ಟು ದಿನ ಕೂತಿದ್ದು ಹೇಗೆ? ಇದನ್ನ ನಾವು ನೀವೆಲ್ಲ ತಿಳಿದುಕೊಳ್ಳಬೇಕು. ಯಾಕಂದ್ರೆ ನಮ್ಮ ಬ್ಯಾಂಕು, ಆಸ್ಪತ್ರೆ, ಟಿಕೆಟ್ ಎಲ್ಲವೂ ಈಗ ಇಂಥದ್ದೇ ಯಂತ್ರಗಳ ಮೇಲೆ ನಿಂತಿವೆ.

ಮೊದಲು ಒಂದು ಪದ. ಕರ್ನಲ್. ಸೇನೆಯ ಕರ್ನಲ್ ಸಾಹೇಬರಲ್ಲ ಸ್ವಾಮಿ! ಇದು ತಿರುಳು ಅನ್ನೋ ಅರ್ಥದ ಪದ. ವಿಂಡೋಸ್ ಆಗಲಿ, ಲಿನಕ್ಸ್ ಆಗಲಿ, ಆಪರೇಟಿಂಗ್ ಸಿಸ್ಟಂನ ಒಳತಿರುಳಿಗೆ ಕರ್ನಲ್ ಅಂತಾರೆ. ಒಂದು ಅಪಾರ್ಟ್‌ಮೆಂಟ್ ನೆನಪಿಸಿಕೊಳ್ಳಿ. ನಿಮ್ಮ ಬ್ರೌಸರ್, ವಾಟ್ಸ್ಆ್ಯಪ್, ಲೆಕ್ಕದ ಸಾಫ್ಟ್‌ವೇರ್ ಇವೆಲ್ಲ ಅದರ ಒಂದೊಂದು ಫ್ಲ್ಯಾಟ್. ಒಬ್ಬರ ಮನೆಗೆ ಇನ್ನೊಬ್ಬರು ನುಗ್ಗೋ ಹಾಗಿಲ್ಲ. ಒಂದು ಫ್ಲ್ಯಾಟ್‌ನಲ್ಲಿ ಫ್ಯೂಸ್ ಹೋದರೆ ಆ ಮನೆ ಮಾತ್ರ ಕತ್ತಲು, ಪಕ್ಕದ ಮನೆಯಲ್ಲಿ ಧಾರಾವಾಹಿ ಓಡ್ತಾನೇ ಇರುತ್ತೆ. ಆದರೆ ನೀರಿನ ಮೋಟಾರು, ಲಿಫ್ಟು, ಮೇನ್ ಬೋರ್ಡು, ಎಲ್ಲ ಮನೆಗಳ ಕೀಲಿಗೊಂಚಲು ಇವೆಲ್ಲ ಒಬ್ಬರ ಕೈಯಲ್ಲಿ ಇರಬೇಕಲ್ವಾ? ಅವರೇ ಕರ್ನಲ್. ಯಾರಿಗೆ ಎಷ್ಟು ಮೆಮೊರಿ, ಯಾರಿಗೆ ಯಾವಾಗ ಪ್ರೊಸೆಸರ್, ಡಿಸ್ಕಿನ ಮೇಲೆ ಯಾರು ಬರೆಯಬಹುದು, ಎಲ್ಲ ತೀರ್ಮಾನ ಅಲ್ಲೇ.

ಈಗ ಯೋಚನೆ ಮಾಡಿ. ಎಲ್ಲ ಕೀಲಿಗಳೂ ಇರೋ ಮನುಷ್ಯನೇ ತಪ್ಪು ವಿಳಾಸ ಹಿಡಿದು ಓಡಾಡೋಕೆ ಶುರು ಮಾಡಿದರೆ? ಯಾರ ಮನೆ ಬಾಗಿಲು ತೆಗೆದಾನು, ಯಾರ ಮನೆಯ ವಿದ್ಯುತ್ ತೆಗೆದಾನು, ಹೇಳೋಕಾಗಲ್ಲ. ಅದಕ್ಕೇ ಕರ್ನಲ್ ಒಳಗೆ ಸರಿಪಡಿಸಲಾಗದ ಒಂದು ಮೆಮೊರಿ ತಪ್ಪು ಕಂಡ ಕೂಡಲೇ ವಿಂಡೋಸ್ ಮೇನ್ ಸ್ವಿಚ್ಚನ್ನೇ ಆಫ್ ಮಾಡುತ್ತೆ. ಮುಂದುವರಿದರೆ ನಿಮ್ಮ ಡಿಸ್ಕಿನಲ್ಲಿರೋ ಲೆಕ್ಕಪತ್ರವೇ ಹಾಳಾಗಬಹುದು ಅನ್ನೋ ಭಯ ಅದಕ್ಕೆ. ಆ ನೀಲಿ ಪರದೆ ಕಂಡ್ರೆ ನಮಗೆಲ್ಲ ಕೋಪ ಬರುತ್ತೆ, ನಿಜ. ಆದರೆ ಅದು ರೋಗವಲ್ಲ, ಜ್ವರದ ಹಾಗೆ. ಒಳಗೇನೋ ಆಗಿದೆ ಅಂತ ಹೇಳೋ ಲಕ್ಷಣ.

ಹಾಗಾದ್ರೆ ಹೊರಗಿನ ಕಂಪನಿಯ ಸಾಫ್ಟ್‌ವೇರ್ ಈ ತಿರುಳಿನೊಳಗೆ ಏನು ಮಾಡ್ತಿತ್ತು? ಕಾವಲುಗಾರನ ಕೆಲಸ. ಕ್ರೌಡ್‌ಸ್ಟ್ರೈಕ್‌ನ ಫಾಲ್ಕನ್ ಅನ್ನೋ ಸಾಫ್ಟ್‌ವೇರ್ ಕಳ್ಳ ಪ್ರೋಗ್ರಾಂಗಳನ್ನ ಹಿಡಿಯೋಕೆ ಇರೋದು. ಕಳ್ಳ ಬರೋಕೆ ಮುಂಚೆ ಕಾವಲುಗಾರ ಬಂದಿರಬೇಕು. ಹಾಗಾಗಿ ಕಂಪ್ಯೂಟರ್ ಆನ್ ಆಗುವಾಗಲೇ ಅದರ ಒಂದು ಭಾಗ ಕರ್ನಲ್ ಒಳಗೆ ಹೋಗಿ ಕೂರುತ್ತೆ. ಹೊಸ ಹೊಸ ಕಳ್ಳತನದ ವಿಧಾನಗಳು ದಿನಾ ಹುಟ್ಟುತ್ತವೆ. ಆ ವಿವರಗಳನ್ನ ಕಂಪನಿ ಆಗಾಗ ಚಿಕ್ಕ ಫೈಲುಗಳಲ್ಲಿ ಕಳಿಸುತ್ತೆ. ಇದು ಪ್ರೋಗ್ರಾಂ ಅಲ್ಲ, ಕಾವಲುಗಾರನಿಗೆ ಕೊಡೋ ಸೂಚನಾಪಟ್ಟಿ ಅಂದುಕೊಳ್ಳಿ. ಜುಲೈ 19ರಂದು ಬಂದದ್ದು ಅಂಥದ್ದೇ ಒಂದು ಪಟ್ಟಿ. ಅದರ ಹೆಸರು ಚಾನೆಲ್ ಫೈಲ್ 291.

ಈಗ ಕಥೆಯ ಹೂರಣಕ್ಕೆ ಬರೋಣ. ಕಾವಲುಗಾರನ ಮುಂದೆ ಸಾಲಾಗಿ ಖಾನೆಗಳಿವೆ. ಒಂದೊಂದು ಖಾನೆಯಲ್ಲೂ ಒಂದೊಂದು ಚೀಟಿ. ಚೀಟಿಯಲ್ಲಿ ಒಂದು ವಿಳಾಸ. ಆ ವಿಳಾಸಕ್ಕೆ ಹೋದರೆ ನೋಡಬೇಕಾದ ಮಾಹಿತಿ ಸಿಗುತ್ತೆ. ಇಂಜಿನಿಯರಿಂಗ್ ಓದಿದವರು ಇದನ್ನೇ ಪಾಯಿಂಟರ್‌ಗಳ ಅರೇ ಅಂತಾರೆ. ಖಾನೆಗಳು ಎಷ್ಟು? 20. ಆದರೆ ಹೊಸ ಸೂಚನಾಪಟ್ಟಿ ಹೇಳಿದ್ದೇನು? 21ನೇ ಚೀಟಿಯನ್ನೂ ನೋಡು ಅಂತ!

ಇಲ್ಲದ 21ನೇ ಖಾನೆಗೆ ಕೈ ಹಾಕಿದರೆ ಏನು ಸಿಗುತ್ತೆ? ಖಾಲಿ ಜಾಗ ಸಿಗುತ್ತೆ ಅಂದುಕೊಂಡ್ರಾ? ಇಲ್ಲ. ಮೆಮೊರಿಯಲ್ಲಿ ಖಾಲಿ ಅನ್ನೋದು ಕಮ್ಮಿ. 20ನೇ ಖಾನೆ ಮುಗಿದ ಕೂಡಲೇ ಬೇರೆ ಯಾವುದೋ ಕೆಲಸದ ಕಾಗದ ಬಿದ್ದಿರುತ್ತೆ. ದಿನಸಿ ಅಂಗಡಿ ಚೀಟಿ ಅಂತಿಟ್ಟುಕೊಳ್ಳಿ. ಅದರಲ್ಲಿ ಬರೆದಿರೋ ಅಂಕಿಯನ್ನೇ ಮನೆ ನಂಬರು ಅಂದುಕೊಂಡು ಕಾವಲುಗಾರ ಹೊರಟ. ಆ ನಂಬರಿನ ಮನೆ ಊರಿನಲ್ಲೇ ಇಲ್ಲ. ಪ್ರೊಸೆಸರ್ ತಕ್ಷಣ ಕೈ ಎತ್ತಿತು. ಕರ್ನಲ್ ಮೇನ್ ಸ್ವಿಚ್ ಆಫ್ ಮಾಡಿತು. ನೀಲಿ ಪರದೆ! ಆ ಶುಕ್ರವಾರ ನಡೆದದ್ದು ಇಷ್ಟೇ.

ಆದರೆ ಇದು ಗೊತ್ತಾಗಿದ್ದು ಹೇಗೆ? ಇಲ್ಲೇ ಇರೋದು ನಿಜವಾದ ಪತ್ತೇದಾರಿ ಕೆಲಸ.

ಅಪರಾಧ ಸುದ್ದಿ ನೋಡೋ ನಿಮಗೆಲ್ಲ ಪಂಚನಾಮೆ ಅಂದ್ರೆ ಗೊತ್ತು. ಸ್ಥಳದಲ್ಲಿ ಏನೇನಿತ್ತೋ ಅದನ್ನ ಹಾಗೇ ದಾಖಲು ಮಾಡೋದು. ವಿಂಡೋಸ್ ಕೂಡ ನಿಲ್ಲೋ ಮುಂಚೆ ತನ್ನ ಪಂಚನಾಮೆ ತಾನೇ ಬರೆದಿಡುತ್ತೆ. ಅದಕ್ಕೆ ಕ್ರ್ಯಾಶ್ ಡಂಪ್ ಅಂತ ಹೆಸರು. ಬಿದ್ದ ಕ್ಷಣದಲ್ಲಿ ಯಾವ ಸಾಲಿನ ಆದೇಶ ನಡೀತಿತ್ತು, ಪ್ರೊಸೆಸರ್‌ನ ಕೈಯಲ್ಲಿ, ಅಂದ್ರೆ ಅದರ ರಿಜಿಸ್ಟರ್‌ಗಳಲ್ಲಿ, ಯಾವ ಯಾವ ಅಂಕಿ ಇತ್ತು, ಯಾರು ಯಾರನ್ನ ಕರೆದು ಅಲ್ಲಿಗೆ ಬಂದರು, ಎಲ್ಲ ಅದರಲ್ಲಿ ಇರುತ್ತೆ. ಇದನ್ನ ಓದೋಕೆ ವಿನ್‌ಡಿಬಗ್ ಅನ್ನೋ ಸಾಧನ ಇದೆ.

ಪತ್ತೇದಾರಿಯ ಮೊದಲ ಪ್ರಶ್ನೆ: ಇದು ಯಂತ್ರದ ದೋಷನಾ, ಪ್ರೋಗ್ರಾಂ ದೋಷನಾ? ಮೆಮೊರಿ ಚಿಪ್ಪೇ ಕೆಟ್ಟಿದ್ದರೂ ನೀಲಿ ಪರದೆ ಬರುತ್ತೆ. ಆದರೆ ಚಿಪ್ ಕೆಟ್ಟಾಗ ಸಾಮಾನ್ಯವಾಗಿ ಒಂದೇ ಕಂಪ್ಯೂಟರ್ ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ ಬೀಳುತ್ತೆ. ಕುಡಿದವನು ಎಲ್ಲಿ ಬೇಕಾದ್ರೂ ಬಿದ್ದ ಹಾಗೆ! ಇಲ್ಲಿ ಹಾಗಿರಲಿಲ್ಲ. ಲಂಡನ್ನಿನ ಕಂಪ್ಯೂಟರೂ, ಬೆಂಗಳೂರಿನ ಕಂಪ್ಯೂಟರೂ ಒಂದೇ ಮೆಟ್ಟಿಲಲ್ಲಿ ಎಡವಿದ್ದವು. ನೂರು ಜನ ಒಂದೇ ಮೆಟ್ಟಿಲಲ್ಲಿ ಎಡವಿದರೆ ತಪ್ಪು ಕಾಲಿನದ್ದಲ್ಲ, ಮೆಟ್ಟಿಲಿನದ್ದು. ಆ ಮೆಟ್ಟಿಲು ಫಾಲ್ಕನ್‌ನ ಡ್ರೈವರ್ ಒಳಗಿತ್ತು, ವಿಂಡೋಸ್‌ನಲ್ಲಿ ಅಲ್ಲ.

ಎರಡನೇ ಪ್ರಶ್ನೆ: ಬಿದ್ದಾಗ ಅದು ಏನು ಮಾಡ್ತಿತ್ತು? ಮೈಕ್ರೋಸಾಫ್ಟ್ ಒಂದು ವಾರದ ನಂತರ ತನ್ನ ವಿಶ್ಲೇಷಣೆ ಪ್ರಕಟಿಸಿತು. ಬಿದ್ದ ಆದೇಶ ಒಂದು ಓದುವ ಆದೇಶ. ಎಂಟನೇ ನಂಬರಿನ ರಿಜಿಸ್ಟರ್‌ನಲ್ಲಿರೋ ವಿಳಾಸಕ್ಕೆ ಹೋಗಿ ಓದು ಅಂತ. ಆ ವಿಳಾಸದಲ್ಲಿ ಮೆಮೊರಿಯೇ ಇರಲಿಲ್ಲ. ಅಂದ್ರೆ ಯಾರೂ ಏನನ್ನೂ ಕದ್ದು ಬರೆದಿಲ್ಲ, ಒಡೆದಿಲ್ಲ. ತಪ್ಪು ವಿಳಾಸದಲ್ಲಿ ಓದೋಕೆ ಹೋಗಿ ಬಿದ್ದಿದೆ.

ಇಲ್ಲಿ ಒಂದು ತಮಾಷೆ ನಡೀತು. ಮೊದಲ ದಿನವೇ ಸೋಶಿಯಲ್ ಮೀಡಿಯಾದಲ್ಲಿ ಒಂದು ವಿವರಣೆ ಕಾಡ್ಗಿಚ್ಚಿನ ಹಾಗೆ ಹಬ್ಬಿತು. 'ಇದು ನಲ್ ಪಾಯಿಂಟರ್ ದೋಷ, ಖಾಲಿ ಚೀಟಿ ಹಿಡಿದು ಹೋಗಿದ್ದಾರೆ, ಖಾಲಿ ಇದೆಯಾ ಅಂತ ನೋಡೋ ಬುದ್ಧಿಯೂ ಇಲ್ಲ' ಅನ್ನೋ ಧಾಟಿಯಲ್ಲಿ. ಕೇಳೋಕೆ ಚೆನ್ನಾಗಿತ್ತು, ಬಹಳ ಜನ ಹಂಚಿಕೊಂಡರು. ಪಂಚನಾಮೆ ಬೇರೆಯೇ ಹೇಳ್ತಿತ್ತು. ಬಿದ್ದ ಆದೇಶಕ್ಕೂ ಮುಂಚೆ, ಚೀಟಿ ಖಾಲಿ ಇದೆಯಾ ಅನ್ನೋ ಪರೀಕ್ಷೆ ಇತ್ತು! ಚೀಟಿ ಖಾಲಿ ಇರಲಿಲ್ಲ. ಅದರಲ್ಲಿ ಅಂಕಿ ಇತ್ತು, ಹಾಗಾಗಿ ಪರೀಕ್ಷೆ ಪಾಸಾಯ್ತು. ಆದರೆ ಆ ಅಂಕಿ ವಿಳಾಸ ಅಲ್ಲ, ಕಸ. ಖಾಲಿ ಚೀಟಿಗಿಂತ ಸುಳ್ಳು ಚೀಟಿ ಅಪಾಯ. ಖಾಲಿಯನ್ನ ಗುರುತು ಹಿಡೀಬಹುದು, ಸುಳ್ಳು ನಿಜದ ಹಾಗೇ ಕಾಣುತ್ತೆ.

ಮೂರನೇ ಪ್ರಶ್ನೆ, ಎಲ್ಲಕ್ಕಿಂತ ಮುಖ್ಯವಾದದ್ದು: ಆ ಸುಳ್ಳು ಚೀಟಿ ಬಂದದ್ದು ಎಲ್ಲಿಂದ? ಇಲ್ಲಿ ಹಿಂದಕ್ಕೆ ನಡೀಬೇಕು. ಎಂಟನೇ ರಿಜಿಸ್ಟರ್‌ಗೆ ಆ ಅಂಕಿ ಬಂದದ್ದು ಖಾನೆಗಳ ಸಾಲಿನಿಂದ. ಎಷ್ಟನೇ ಖಾನೆ ಅನ್ನೋದು ಹನ್ನೊಂದನೇ ರಿಜಿಸ್ಟರ್‌ನಲ್ಲಿ ಇತ್ತು. ಅಲ್ಲಿದ್ದ ಅಂಕಿ, ಹದಿನಾರರ ಲೆಕ್ಕದಲ್ಲಿ 14. ನಮ್ಮ ಹತ್ತರ ಲೆಕ್ಕದಲ್ಲಿ 20. ಸರಿ, 20 ಖಾನೆ ಇದೆಯಲ್ಲ, 20 ಕೇಳಿದರೆ ತಪ್ಪೇನು ಅಂತೀರಾ? ಇಲ್ಲೇ ಇರೋದು ಗುಟ್ಟು. ಕಂಪ್ಯೂಟರ್ ಒಂದರಿಂದ ಎಣಿಸಲ್ಲ, ಸೊನ್ನೆಯಿಂದ ಎಣಿಸುತ್ತೆ. ಸೊನ್ನೆಯಿಂದ 19ರವರೆಗೆ ಎಣಿಸಿದರೆ 20 ಖಾನೆ ಮುಗೀತು. 20 ಅಂದರೆ 21ನೇದು. ಸಿಕ್ಕಿಬಿದ್ದ!

ಬಿದ್ದ ಜಾಗಕ್ಕೂ ತಪ್ಪು ಹುಟ್ಟಿದ ಜಾಗಕ್ಕೂ ನಡುವಿನ ದೂರ ನೋಡಿ. ಬಿದ್ದದ್ದು ಜುಲೈ 19ಕ್ಕೆ. ತಪ್ಪು ಹುಟ್ಟಿದ್ದು ಫೆಬ್ರವರಿಯಲ್ಲಿ. ಆಗಸ್ಟ್ 6ರಂದು ಕ್ರೌಡ್‌ಸ್ಟ್ರೈಕ್ ತಾನೇ ಪ್ರಕಟಿಸಿದ ಮೂಲಕಾರಣ ವರದಿಯಲ್ಲಿ ಇದೆಲ್ಲ ಇದೆ. ಫೆಬ್ರವರಿಯಲ್ಲಿ ಹೊಸ ಬಗೆಯ ಸೂಚನಾಪಟ್ಟಿಯ ನಮೂನೆ ತಯಾರಾಯ್ತು. ನಮೂನೆಯಲ್ಲಿ 21 ಕಾಲಂ. ಅದಕ್ಕೆ ಮಾಹಿತಿ ಒದಗಿಸೋ ಪ್ರೋಗ್ರಾಂ ಕೊಡ್ತಿದ್ದದ್ದು 20 ಮಾತ್ರ. ಒಂದು ಟೇಬಲ್‌ನವರು 21 ಅಂದುಕೊಂಡರು, ಇನ್ನೊಂದು ಟೇಬಲ್‌ನಿಂದ 20 ಬಂತು. ನಮ್ಮ ತಾಲ್ಲೂಕು ಕಚೇರಿಗೆ ಹೋಗಿಬಂದವರಿಗೆ ಈ ರೋಗ ಹೊಸದಲ್ಲ ಬಿಡಿ.

ಹಾಗಾದ್ರೆ ಮಾರ್ಚ್, ಏಪ್ರಿಲ್‌ನಲ್ಲಿ ಯಾಕೆ ಬೀಳಲಿಲ್ಲ? ಆಗಲೂ ಇದೇ ನಮೂನೆಯ ಪಟ್ಟಿಗಳು ಹೋಗಿದ್ದವು. ಆದರೆ ಅವುಗಳಲ್ಲಿ 21ನೇ ಕಾಲಂನಲ್ಲಿ 'ಏನಿದ್ದರೂ ಸರಿ' ಅನ್ನೋ ಗುರುತು ಇತ್ತು. ಏನಿದ್ದರೂ ಸರಿ ಅಂದ ಮೇಲೆ ನೋಡೋ ಅಗತ್ಯವೇ ಇಲ್ಲ. ನೋಡಲಿಲ್ಲ, ಬೀಳಲಿಲ್ಲ. ಪರೀಕ್ಷೆಗಳಲ್ಲೂ ಅದೇ ಗುರುತು, ಹಾಗಾಗಿ ಪರೀಕ್ಷೆಗಳೂ ಪಾಸ್. ಜುಲೈ 19ರ ಪಟ್ಟಿಯಲ್ಲಿ ಮೊದಲ ಬಾರಿಗೆ, 21ನೇದನ್ನ ನಿಜವಾಗಿ ನೋಡು ಅಂತ ಬರೆದಿತ್ತು. ಕಳಿಸೋ ಮುಂಚೆ ಪಟ್ಟಿಯನ್ನ ತಪಾಸಣೆ ಮಾಡೋ ಪ್ರೋಗ್ರಾಂ ಕೂಡ 21 ಚೀಟಿ ಬರುತ್ತೆ ಅಂತಲೇ ನಂಬಿತ್ತು. ಓಕೆ ಅಂದುಬಿಡ್ತು. ಕರ್ನಲ್ ಒಳಗೆ ಕೂತಿದ್ದ ಕಾವಲುಗಾರ, ಖಾನೆ ಎಷ್ಟಿದೆ ಅಂತ ಎಣಿಸೋ ಅಭ್ಯಾಸ ಇಟ್ಟುಕೊಂಡಿರಲಿಲ್ಲ. ಮೂರು ಬಾಗಿಲು, ಮೂರೂ ತೆರೆದಿದ್ದವು.

ಇದರಲ್ಲಿ ಒಂದು ಪುಣ್ಯ ಇತ್ತು. ತಪ್ಪು ಮಾಡಿದ ಜಾಗದಲ್ಲೇ ಯಂತ್ರ ಬಿತ್ತು. ಕರ್ನಲ್‌ನ ಎಲ್ಲ ಮೆಮೊರಿ ತಪ್ಪುಗಳೂ ಇಷ್ಟು ಪ್ರಾಮಾಣಿಕ ಅಲ್ಲ. ಬಾಡಿಗೆ ಮನೆ ಖಾಲಿ ಮಾಡಿದ ಮೇಲೂ ಹಳೇ ಕೀಲಿ ಇಟ್ಟುಕೊಂಡು ಬರೋರು ಇರ್ತಾರಲ್ಲ, ಹಾಗೆ ಬಿಟ್ಟುಕೊಟ್ಟ ಮೆಮೊರಿಯನ್ನ ಮತ್ತೆ ಬಳಸೋ ಪ್ರೋಗ್ರಾಂಗಳಿವೆ. ಅಷ್ಟರಲ್ಲಿ ಆ ಮನೆಗೆ ಹೊಸಬರು ಬಂದಿರ್ತಾರೆ. ಹಳಬ ಅವರ ಸಾಮಾನು ಕದಲಿಸಿ ಹೋಗ್ತಾನೆ. ಒಂದು ಗಂಟೆ ಬಿಟ್ಟು ಹೊಸಬರ ಪ್ರೋಗ್ರಾಂ ಬೀಳುತ್ತೆ. ಪಂಚನಾಮೆಯಲ್ಲಿ ಹೊಸಬರ ಹೆಸರಿರುತ್ತೆ. ಮಾಡಿದವನೊಬ್ಬ, ಸಿಕ್ಕಿಬಿದ್ದವನು ಇನ್ನೊಬ್ಬ!

ಇಂಥವರನ್ನ ಹಿಡಿಯೋಕೆ ಬಲೆ ಬೇಕು. ಲಿನಕ್ಸ್‌ನಲ್ಲಿ ಕಸನ್ ಅನ್ನೋ ಸಾಧನ 2015ರಿಂದ ಇದೆ. ಮೆಮೊರಿಯ ಪ್ರತಿ 8 ಬೈಟ್‌ಗೆ 1 ಬೈಟ್ ನೆರಳು ಲೆಕ್ಕ ಇಡುತ್ತೆ. ಇದು ಯಾರ ಜಾಗ, ಈಗ ಖಾಲಿಯಾ, ಎಲ್ಲಿಯವರೆಗೆ ಬಳಸಬಹುದು ಅಂತ. ಗಡಿ ದಾಟಿದ ಕ್ಷಣವೇ ಕೂಗುತ್ತೆ. ಆದರೆ ಹೆಜ್ಜೆ ಹೆಜ್ಜೆಗೂ ಲೆಕ್ಕ ನೋಡೋದರಿಂದ ಯಂತ್ರ ನಿಧಾನ ಆಗುತ್ತೆ. ಹಾಗಾಗಿ ಅದು ಹೆಚ್ಚಾಗಿ ಪರೀಕ್ಷೆಯ ಮನೆಗೆ. ನಡೆಯೋ ಯಂತ್ರಗಳಿಗೆ ಕೆಫೆನ್ಸ್ ಅನ್ನೋ ಹಗುರ ಸಾಧನ 2021ರಲ್ಲಿ ಬಂತು. ಅದು ಎಲ್ಲ ಕಡೆ ಕಾಯಲ್ಲ, ಅಲ್ಲೊಂದು ಇಲ್ಲೊಂದು ಮೆಮೊರಿ ತುಂಡಿನ ಪಕ್ಕ ಪ್ರವೇಶ ನಿಷೇಧದ ಬೇಲಿ ಹಾಕಿ ಕಾಯುತ್ತೆ. ವಿಂಡೋಸ್‌ನಲ್ಲೂ ಡ್ರೈವರ್ ವೆರಿಫೈಯರ್ ಅನ್ನೋ ಸಾಧನ ಇದೇ ಥರ ಬೇಲಿ ಹಾಕಬಲ್ಲದು. ಆದರೆ ಒಂದು ಮಾತು ನೆನಪಿರಲಿ. ಯಾವ ಬಲೆಯಾದರೂ ಪ್ರೋಗ್ರಾಂ ನಡೆದ ದಾರಿಯಲ್ಲಿ ಮಾತ್ರ ಹಿಡಿಯುತ್ತೆ. 21ನೇ ಖಾನೆಗೆ ಪರೀಕ್ಷೆಯಲ್ಲಿ ಯಾರೂ ಕೈಯೇ ಹಾಕದಿದ್ದರೆ, ಅಲ್ಲಿ ಬಲೆ ಇದ್ದೂ ಏನು ಪ್ರಯೋಜನ?

ರೋಗ ಗೊತ್ತಾಯ್ತು, ಮದ್ದು ಸುಲಭ ಅಂದುಕೊಂಡ್ರಾ? ಫೈಲ್ ವಾಪಸ್ ತಗೊಂಡದ್ದು 78 ನಿಮಿಷದಲ್ಲಿ, ನಿಜ. ಆದರೆ ಆಗಲೇ ಬಿದ್ದ ಕಂಪ್ಯೂಟರ್ ಆನ್ ಮಾಡಿದರೆ, ಕಾವಲುಗಾರ ಎಲ್ಲರಿಗಿಂತ ಮೊದಲು ಬರ್ತಾನೆ, ಡಿಸ್ಕಿನಲ್ಲಿರೋ ಅದೇ ಪಟ್ಟಿ ಓದ್ತಾನೆ, ಮತ್ತೆ ಬೀಳ್ತಾನೆ. ಹೊಸ ಪಟ್ಟಿ ತರೋಕೆ ಇಂಟರ್ನೆಟ್‌ವರೆಗೂ ಹೋಗೋಕೆ ಆಗ್ತಿರಲಿಲ್ಲ. ಹಾಗಾಗಿ ಬಹಳ ಕಡೆ ಮನುಷ್ಯರೇ ಒಂದೊಂದು ಕಂಪ್ಯೂಟರ್ ಮುಂದೆ ಕೂತು, ಸೇಫ್ ಮೋಡ್‌ಗೆ ಹೋಗಿ, ಆ ಫೈಲ್ ಅಳಿಸಬೇಕಾಯ್ತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದ ಕಡೆ ಅದರ ಉದ್ದನೆಯ ರಿಕವರಿ ಕೀಯನ್ನೂ ಹುಡುಕಬೇಕಾಯ್ತು. ಎಷ್ಟೋ ಐಟಿ ಸಿಬ್ಬಂದಿಗೆ ಆ ವಾರಾಂತ್ಯ ರಜೆ ಇರಲಿಲ್ಲ. ನಮ್ಮ ದೇಶದಲ್ಲಿ ಹೊಡೆತ ಕಡಿಮೆ ಇತ್ತು. 10 ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳಿಗೆ ಮಾತ್ರ ಸಣ್ಣಪುಟ್ಟ ತೊಂದರೆ ಆಯ್ತು ಅಂತ ರಿಸರ್ವ್ ಬ್ಯಾಂಕ್ ಹೇಳಿತು.

ಆಮೇಲೆ ಏನು ಬದಲಾಯ್ತು? ಖಾನೆ ಎಷ್ಟಿದೆ ಅಂತ ಎಣಿಸೋ ಪರೀಕ್ಷೆಯನ್ನ ಕ್ರೌಡ್‌ಸ್ಟ್ರೈಕ್ ಸೇರಿಸಿತು. ಪಟ್ಟಿಗಳನ್ನ ಎಲ್ಲರಿಗೂ ಒಟ್ಟಿಗೆ ಕಳಿಸದೆ, ಮೊದಲು ಸ್ವಲ್ಪ ಜನಕ್ಕೆ, ಆಮೇಲೆ ಉಳಿದವರಿಗೆ ಅನ್ನೋ ಪದ್ಧತಿಗೆ ಬಂತು. ಅಡುಗೆಯವರು ಉಪ್ಪು ನೋಡಿ ಆಮೇಲೆ ಪಂಕ್ತಿಗೆ ಬಡಿಸೋ ಬುದ್ಧಿ ಇದು, ನಮ್ಮ ಮದುವೆ ಮನೆಗಳಲ್ಲಿ ಯಾವಾಗಿನಿಂದಲೋ ಇದೆ. ಭದ್ರತಾ ಸಾಫ್ಟ್‌ವೇರ್‌ಗಳು ಕರ್ನಲ್ ಹೊರಗೇ ನಿಂತು ಕಾಯೋ ಹಾಗೆ ಮಾಡೋ ಕೆಲಸಕ್ಕೆ ಮೈಕ್ರೋಸಾಫ್ಟ್ ಕೈ ಹಾಕಿತು. 2025ರಲ್ಲಿ ನೀಲಿ ಪರದೆಯ ಬಣ್ಣವನ್ನೂ ಕಪ್ಪು ಮಾಡ್ತೀವಿ ಅಂತ ಘೋಷಿಸಿತು. ಬಣ್ಣ ಬದಲಾದರೆ ರೋಗ ಹೋಗಲ್ಲ, ಆದರೆ ಯಾವ ಡ್ರೈವರ್‌ನಿಂದ ಬಿತ್ತು ಅನ್ನೋ ವಿವರ ಅದರಲ್ಲಿ ಇನ್ನಷ್ಟು ಸ್ಪಷ್ಟವಾಗಿ ಇರುತ್ತೆ. ಅದು ಒಳ್ಳೇದು.

ನಿಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲೂ ಒಂದಲ್ಲ ಒಂದು ದಿನ ಆ ಪರದೆ ಬರಬಹುದು. ಬಂದ್ರೆ ಗಾಬರಿ ಬೇಡ. ಪರದೆಯಲ್ಲಿರೋ ಸ್ಟಾಪ್ ಕೋಡನ್ನ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಹಿಂದಿನ ದಿನ ಹೊಸದಾಗಿ ಏನು ಹಾಕಿದ್ರಿ, ಪ್ರಿಂಟರಾ, ಆಂಟಿವೈರಸ್ಸಾ, ಹೊಸ ಮೆಮೊರಿ ಕಾರ್ಡಾ, ನೆನಪು ಮಾಡಿಕೊಳ್ಳಿ. ಪ್ರತಿ ಸಲ ಬೇರೆ ಬೇರೆ ಕೋಡ್ ಬರ್ತಿದ್ದರೆ ಮೆಮೊರಿ ಚಿಪ್ ಮೇಲೆ ಅನುಮಾನ ಪಡಿ. ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನೋಸ್ಟಿಕ್ ಅನ್ನೋ ಪರೀಕ್ಷೆ ಇದೆ, ದುಡ್ಡು ಕೊಡಬೇಕಿಲ್ಲ. ಪ್ರತಿ ಸಲ ಅದೇ ಡ್ರೈವರ್ ಹೆಸರು ಬರ್ತಿದ್ದರೆ ಆ ಡ್ರೈವರ್ ಮೇಲೆ ಅನುಮಾನ. ಇನ್ನೊಂದು ವಿಷಯ. ರಿಪೇರಿ ಅಂಗಡಿಯಲ್ಲಿ ನೋಡಿದ ಕೂಡಲೇ 'ಫಾರ್ಮ್ಯಾಟ್ ಮಾಡಬೇಕು ಸಾರ್' ಅಂದ್ರೆ ಸ್ವಲ್ಪ ತಡೀರಿ. ವಿಂಡೋಸ್ ಫೋಲ್ಡರ್ ಒಳಗೆ ಮಿನಿಡಂಪ್ ಅನ್ನೋ ಫೋಲ್ಡರ್ ಇರುತ್ತೆ. ಅದನ್ನ ಮೊದಲು ಒಂದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಫಾರ್ಮ್ಯಾಟ್ ಅಂದ್ರೆ ಘಟನಾ ಸ್ಥಳವನ್ನ ನೀರು ಹಾಕಿ ತೊಳೆದ ಹಾಗೆ. ತಪ್ಪು ಚಿಪ್ಪಿನಲ್ಲಿದ್ದರೆ ತಿಂಗಳು ಬಿಟ್ಟು ಮತ್ತೆ ಅದೇ ಪರದೆ, ಮತ್ತೆ ಅದೇ ಅಂಗಡಿ, ಮತ್ತೆ ಅದೇ ಬಿಲ್ಲು.

ಆ ಶುಕ್ರವಾರ ಇಡೀ ಜಗತ್ತು 'ಮಾಡಿದ್ದು ಯಾರು' ಅಂತ ಕೇಳ್ತಿತ್ತು. ಡಂಪ್ ಮುಂದೆ ಕೂತವರು ಮಾತ್ರ ಬೇರೆ ಪ್ರಶ್ನೆ ಕೇಳಿದರು. ಈ ಅಂಕಿ ಇಲ್ಲಿಗೆ ಬಂದದ್ದು ಎಲ್ಲಿಂದ? ಹಾಗೆ ಕೇಳಿದ್ದಕ್ಕೆ ಐದು ತಿಂಗಳ ಹಿಂದಿನ ಒಂದು ಕಾಲಂನ ವ್ಯತ್ಯಾಸ ಸಿಕ್ಕಿತು, ಅದು ಪಾಸಾಗಿ ಬಂದ ಮೂರು ಬಾಗಿಲೂ ಸಿಕ್ಕವು. ಬರೀ ಹೆಸರು ಹಿಡಿದು ಬೈದಿದ್ದರೆ ಬಾಗಿಲುಗಳು ಹಾಗೇ ತೆರೆದಿರ್ತಿದ್ದವು. ಮುಂದಿನ ಸಲ ಬ್ಯಾಂಕ್ ಸರ್ವರ್ ಡೌನ್ ಅಂತಲೋ, ಪರೀಕ್ಷಾ ಫಲಿತಾಂಶದ ವೆಬ್‌ಸೈಟ್ ಬಿತ್ತು ಅಂತಲೋ ಸುದ್ದಿ ಬಂದಾಗ, 'ತಾಂತ್ರಿಕ ದೋಷ' ಅನ್ನೋ ಎರಡು ಪದಕ್ಕೆ ತೃಪ್ತರಾಗಬೇಡಿ. ಎಲ್ಲಿ ಬಿತ್ತು, ಏನು ಮಾಡ್ತಾ ಬಿತ್ತು, ತಪ್ಪು ಎಲ್ಲಿಂದ ಬಂತು? ಈ ಮೂರು ಪ್ರಶ್ನೆಗೆ ಉತ್ತರ ಕೇಳೋ ಹಕ್ಕು, ಸಾಲಿನಲ್ಲಿ ನಿಂತು ಕಾದ ಪ್ರತಿಯೊಬ್ಬರಿಗೂ ಇದೆ.